ಸೊಂಟ ಹೋದ ನಾಯಿ, ನಾಲ್ಕು ಹೊತ್ತಿನ ಕೆಲಸ: ನನ್ನ ಅನುಭವ

ಗಂಗಿ ನಮ್ಮ ನಾಯಿ, ಹಿಂಗಾಲಿಗೆ ಸ್ವಾಧೀನ ಇಲ್ಲ, ಸೊಂಟಕ್ಕೆ ಗಾಲಿಯ ಗಾಡಿ ಕಟ್ಟಿಕೊಂಡು ಓಡಾಡುತ್ತಾಳೆ. ನೋಡಿದವರೆಲ್ಲ ಮೊದಲು ಕೇಳುವುದು ಆ ಗಾಡಿಯ ಬಗ್ಗೆ. "ಅಕ್ಕಾರ, ಗಾಲಿ ಎಲ್ಲಿ ತಂದ್ರಿ? ಎಷ್ಟ ಬಿತ್ತು?" ಗಾಡಿಯ ಕತೆ ಮುಂದೆ ಹೇಳುತ್ತೇನೆ. ಆದರೆ ತಾನಾಗಿ ಉಚ್ಚೆ ಮಾಡಲಾಗದ ಇಂಥ ನಾಯಿಯನ್ನು ಉಳಿಸುವುದು ಹೊತ್ತು ಹೊತ್ತಿಗೆ ಹೊಟ್ಟೆ ಒತ್ತಿ ಉಚ್ಚೆ ತೆಗೆಯುವ ಕೈ. ಗಾಡಿಗೆ ಹತ್ತು ಸಾವಿರ ಸುರಿದು ಇದನ್ನು ಬಿಟ್ಟವರ ನಾಯಿಗಳು ಎರಡು ಮೂರು ತಿಂಗಳಲ್ಲಿ ಸೋಂಕಾಗಿ ಹೋದದ್ದನ್ನು ವಿಜಯಪುರದಲ್ಲೇ ನೋಡಿದ್ದೇನೆ. ಗಂಗಿ ಬಂದು ಮೂರು ವರ್ಷ ದಾಟಿತು. "ಹದಿನೈದು ದಿನ ಉಳಿದರ ಹೆಚ್ಚು" ಅಂದಿದ್ದ ಡಾಕ್ಟರೇ ಈಗ ಇಂಥ ಕೇಸು ಬಂದರೆ ನನ್ನ ಮನೆಗೆ ಕಳಿಸುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ಸೋತಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ಗಂಗಿ ಮುಧೋಳ ಬೆರಕೆ. ಉದ್ದ ಕಾಲು, ಆಳವಾದ ಎದೆ, ಎರಡು ಕೈಯಲ್ಲಿ ಹಿಡಿಯುವಷ್ಟು ಸಣ್ಣ ಸೊಂಟ. ಸೊಲ್ಲಾಪುರ ರಸ್ತೆಯಲ್ಲಿ ಯಾವುದೋ ಗಾಡಿ ಬಡಿದು ಬಿದ್ದಿದ್ದಳು, ಹುಡುಗರು ಚೀಲದಲ್ಲಿ ಎತ್ತಿಕೊಂಡು ಬಂದರು. ಬೆನ್ನುಮೂಳೆ ಮುರಿದಿತ್ತು. ಹಿಂಗಾಲಿನ ಬೆರಳನ್ನು ಇಕ್ಕಳದಲ್ಲಿ ಒತ್ತಿದರೂ ತಿರುಗಿ ನೋಡಲಿಲ್ಲ. ಅಷ್ಟು ನೋವೂ ಗೊತ್ತಾಗದಿದ್ದರೆ ಕಾಲು ಮತ್ತೆ ಬರುವ ಆಸೆ ತೀರಾ ಕಡಿಮೆ ಅಂತ ಅರ್ಥ. ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರ ಇದೆ, ಸೈನ್ಯಕ್ಕೂ ಮರಿಗಳು ಹೋಗಿವೆ. ಮರಿ ಇದ್ದಾಗ ಸಾವಿರಗಟ್ಟಲೆ ಕೊಟ್ಟು ಒಯ್ಯುವವರಿದ್ದಾರೆ. ಕಾಲು ಹೋದ ಮೇಲೆ ಅದೇ ತಳಿಗೆ ಅರ್ಧ ರೊಟ್ಟಿ ಹಾಕುವವರಿಲ್ಲ.

ನಮ್ಮ ಅತ್ತೆ "ಸೂಜಿ ಮಾಡ್ಸಿ ಬಿಡ್ರಿ, ಪಾಪ, ಮೂಕ ಜೀವ" ಅಂದರು, ನೋವಿಲ್ಲದೆ ಸಾಯಿಸುವ ಸೂಜಿ. ನಾಯಿ ಹಿಡಿದು ಚಿಕಿತ್ಸೆ ಮಾಡಿಸುವ ನಮ್ಮ ಗುಂಪಿನವರೇ ಅದನ್ನೇ ಅಂದರು. ಮನೆಯವರು ಏನೂ ಅನ್ನಲಿಲ್ಲ, ಖರ್ಚಿನ ಚೀಟಿ ನೋಡಿ ಸುಮ್ನೆ ಒಳಗೆ ಹೋದರು.

ಆ ಚೀಟಿ ಸಣ್ಣದಾಗಿರಲಿಲ್ಲ. ಮೊದಲ ತಿಂಗಳು ಎಕ್ಸ್‌ರೇ, ಸಲೈನ್, ಸ್ಟೆರಾಯ್ಡ್ ಸೂಜಿ, ನರಕ್ಕೆ ಅಂತ ಬಿ12, ಎಲ್ಲ ಸೇರಿ ಎಂಟೊಂಬತ್ತು ಸಾವಿರ ಹೋಗಿರಬೇಕು. ಕಾಲಿಗೆ ಏನೂ ಆಗಲಿಲ್ಲ. ಅದೇ ಹೊತ್ತಿಗೆ ಮಲಗಿದಲ್ಲೇ ಹನಿ ಹನಿ ಉಚ್ಚೆ ಬೀಳುತ್ತಿತ್ತು. "ತಾನೇ ಮಾಡ್ತದ, ಛಲೋ ಆತು" ಅಂದರು ಆಸ್ಪತ್ರೆಯಲ್ಲಿ. ಅದು ಮಾಡುವುದಲ್ಲ. ಒಳಗೆ ತುಂಬಿ ತುಳುಕುವುದು. ಹೊಟ್ಟೆ ಮುಟ್ಟಿದರೆ ಪೇರಲಕಾಯಿ ಇಟ್ಟಂಗೆ ಗಟ್ಟಿ. ಮುಂದಿನ ವಾರ ಜ್ವರ ಬಂತು. ಉಚ್ಚೆ ಮಜ್ಜಿಗೆ ಬಣ್ಣಕ್ಕೆ ತಿರುಗಿತು, ನಾತ ತಡೆಯಲಾಗದು. ಎರಡು ಬಗೆಯ ಆ್ಯಂಟಿಬಯಾಟಿಕ್ ಕೊಟ್ಟೂ ಇಳಿಯಲಿಲ್ಲ. ಕಲ್ಚರ್, ಅಂದರೆ ಉಚ್ಚೆಯಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸೋಣ ಅಂದರೆ ಮನುಷ್ಯರ ಲ್ಯಾಬಿನವರು ನಾಯಿಯದು ಅಂದ ಕೂಡಲೇ ಬಾಟಲಿ ಮುಟ್ಟಲಿಲ್ಲ. ಮೂರನೇ ಕಡೆ ಒಪ್ಪಿದರು, ಏಳುನೂರೋ ಎಂಟುನೂರೋ ತೆಗೆದುಕೊಂಡರು. ಇಡೀ ಖರ್ಚಿನಲ್ಲಿ ದಂಡ ಆಗದ ದುಡ್ಡು ಅದೊಂದೇ. ಯಾವ ಔಷಧ ಹತ್ತುತ್ತದೆ ಅಂತ ಗೊತ್ತಾದ ಮೇಲೆ ವಾರದಲ್ಲಿ ಜ್ವರ ಬಿಟ್ಟಿತು.

ಅಲ್ಲಿಂದ ಶುರುವಾಯಿತು ನಾಲ್ಕು ಹೊತ್ತಿನ ಕೆಲಸ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡರ ಸುಮಾರು, ಸಂಜೆ ಐದು, ರಾತ್ರಿ ಹತ್ತು. ಎರಡೂ ಅಂಗೈಯನ್ನು ಪಕ್ಕೆಲುಬು ಮುಗಿದ ಮೇಲೆ, ಹಿಂಗಾಲಿನ ಮುಂದೆ, ಹೊಟ್ಟೆಯ ಎರಡೂ ಬದಿಗೆ ಇಟ್ಟು ಮೆಲ್ಲಗೆ ಒತ್ತಿ ಹಿಡಿಯಬೇಕು. ಚುಚ್ಚಿದಂತೆ ಬೆರಳಲ್ಲಿ ಒತ್ತಬಾರದು, ಜೋರು ಮಾಡಿದರೆ ಉಚ್ಚೆಯ ಚೀಲವೇ ಒಡೆಯಬಹುದು. ಮೊದಮೊದಲು ಅವಳ ಹೊಟ್ಟೆ ಕಲ್ಲಾಗುತ್ತಿತ್ತು, ಅರ್ಧ ಗಂಟೆ ಒತ್ತಿದರೂ ನಾಲ್ಕು ಹನಿ. ಡಾಕ್ಟರ್ ಒಂದು ಮಾತ್ರೆ ಬರೆದರು, ಮನುಷ್ಯರಿಗೆ ಬಿಪಿಗೂ ಕೊಡುವಂಥದ್ದು. ಅದು ಸ್ವಲ್ಪ ಸಡಿಲು ಮಾಡಿತು. ನಿಜವಾದ ಗೆಲುವು ಬಂದದ್ದು ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ. ಅದನ್ನು ಎಲ್ಲಿ, ಎಷ್ಟು ಹೊತ್ತು ಇಡಬೇಕು ಅನ್ನುವುದನ್ನು ಬರೆಯುವುದಿಲ್ಲ, ಬಂದವರಿಗೆ ಕೈ ಹಿಡಿದು ತೋರಿಸುತ್ತೇನೆ. ಓದಿ ಮಾಡಿದರೆ ತಪ್ಪು ಜಾಗದಲ್ಲಿ ಒತ್ತುತ್ತಾರೆ.

ನಾನು ಹೊಲಿಗೆಯವಳು. ಬ್ಲೌಸಿನ ಅಳತೆ ಬರೆಯುವ ವಹಿಯ ಹಿಂದಿನ ಪುಟಗಳಲ್ಲೇ ಗಂಗಿಯ ಲೆಕ್ಕ ಬರೆದೆ. ಒಂದು ಸಲಕ್ಕೆ ಒಂದೂವರೆ ಚಹಾದ ಲೋಟ ಬಂದರೆ ಸರಿ. ಮುಕ್ಕಾಲಕ್ಕೆ ಇಳಿದರೆ ಅಥವಾ ಬಣ್ಣ ಕದಡಿದರೆ ಅವತ್ತೇ ಡಾಕ್ಟರ್ ಹತ್ತಿರ. ಈ ವಹಿಯಿಂದ ಎರಡನೇ ಸೋಂಕನ್ನು ಜ್ವರಕ್ಕೆ ಮೊದಲೇ ಹಿಡಿದೆ. ಡಾಕ್ಟರ್ ಆ ಪುಟದ ಫೋಟೋ ತೆಗೆದುಕೊಂಡರು, ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.

ಡೈಪರ್ ವಿಷಯ. ಮಕ್ಕಳದನ್ನೇ ಬಾಲಕ್ಕೆ ತೂತು ಮಾಡಿ ಹಾಕಿದೆವು, ದಿನಕ್ಕೆ ನಾಲ್ಕೈದು, ತಿಂಗಳಿಗೆ ಎರಡು ಸಾವಿರದ ಹತ್ತಿರ. ನಮ್ಮ ಬೇಸಿಗೆಯಲ್ಲಿ ಅದರೊಳಗೆ ಚರ್ಮ ಬೆಂದೇ ಹೋಯಿತು. ಹೊತ್ತಿಗೆ ಸರಿಯಾಗಿ ಖಾಲಿ ಮಾಡಿದರೆ ಡೈಪರ್ ಬೇಕೇ ಆಗುವುದಿಲ್ಲ. ಈಗ ಊರಿಗೆ ಹೋಗುವಾಗ ಮಾತ್ರ ಹಾಕುತ್ತೇನೆ.

ಹಾಸಿಗೆಯಲ್ಲೂ ಹೀಗೇ ಸೋತು ಸೋತು ಬಂದೆ. ಮುಧೋಳ ನಾಯಿಗೆ ಮೈಮೇಲೆ ಕೊಬ್ಬಿಲ್ಲ, ಚರ್ಮ ತೆಳು. ಸ್ಪಂಜಿನ ಗಾದಿ ಉಚ್ಚೆ ಕುಡಿದು ಕೊಳೆಯಿತು. ರಬ್ಬರ್ ಶೀಟ್ ಹಾಕಿದರೆ ಬೆವರು. ಸೊಂಟದ ಎಲುಬಿನ ಮೇಲೆ ರೂಪಾಯಿ ಅಗಲದ ಹುಣ್ಣಾಗಿ ಹುಳ ಬಿದ್ದವು. ಅದರ ಡ್ರೆಸಿಂಗ್‌ಗೇ ಮೂರು ಸಾವಿರ ಕಳೆಯಿತು. ಕೊನೆಗೆ ಅಟ್ಟದ ಮೇಲಿದ್ದ ಹಳೆಯ ಹೊರಸು ಇಳಿಸಿ, ಅದರ ಕಾಲುಗಳನ್ನು ಗೇಣುದ್ದಕ್ಕೆ ಕೊಯ್ಸಿ, ಹೊಸ ನವಾರು ಬಿಗಿಸಿದೆ. ನೀರು ಕೆಳಗೆ ಇಳಿಯುತ್ತದೆ, ಗಾಳಿ ಮೇಲೆ ಬರುತ್ತದೆ. ಹೊರಸಿನ ಕೆಳಗೆ ಉಸುಕು. ಮೇಲೆ ಸೊಳ್ಳೆಪರದೆ, ನೊಣಕ್ಕೆ. ಮೂರ್ನಾಲ್ಕು ತಾಸಿಗೊಮ್ಮೆ ಮಗ್ಗಲು ಬದಲಿಸುವುದು ಇದ್ದೇ ಇದೆ. ನಾಲ್ಕುನೂರು ರೂಪಾಯಿಯ ಒಳಗೆ ಮುಗಿಯಿತು, ಅದಾದ ಮೇಲೆ ಹುಣ್ಣು ಬಂದಿಲ್ಲ.

ನಡುವೆ ಯಾರೋ ಔಡಲೆಣ್ಣೆ ತಿಕ್ಕಿದರೆ ನರ ಏಳುತ್ತವೆ ಅಂದರು. ತಿಕ್ಕಿದೆ. ಅವಳು ಪೂರ್ತಿ ನೆಕ್ಕಿ, ರಾತ್ರಿಯಿಡೀ ಭೇದಿ. ಅಲ್ಲಿಗೆ ಆ ವೈದ್ಯ ಬಂದ್. ಹಳೆಯ ಸೀರೆಯನ್ನು ಬೇವಿನ ಕೊಂಬೆಗೆ ಕಟ್ಟಿ, ಹೊಟ್ಟೆಯ ಕೆಳಗೆ ಜೋಳಿಗೆ ಮಾಡಿ ನಿಲ್ಲಿಸುವುದು ಮಾತ್ರ ಫಲ ಕೊಟ್ಟಿತು. ಹೊತ್ತಿಗೆ ಹತ್ತು ನಿಮಿಷ, ಅಂಗಾಲು ನೆಲಕ್ಕೆ ಊರಿಸಿ. ಜೊತೆಗೆ ಸೈಕಲ್ ತುಳಿದ ಹಾಗೆ ಕಾಲು ಆಡಿಸುವುದು. ಆರೇಳು ತಿಂಗಳ ಮೇಲೆ ಹಿಂಗಾಲು ತಾವಾಗಿಯೇ ಒದೆಯತೊಡಗಿದವು. ಈಗ ಮಣ್ಣಿನ ಮೇಲೆ ಎಂಟ್ಹತ್ತು ಹೆಜ್ಜೆ ಕುಡಿದವರ ಥರ ಹಾಕುತ್ತಾಳೆ. ಬೆರಳು ಒತ್ತಿದರೆ ಇವತ್ತಿಗೂ ಗೊತ್ತಾಗುವುದಿಲ್ಲ. ಮಿದುಳಿನ ಅಪ್ಪಣೆ ಇಲ್ಲದೆ ಬೆನ್ನುಹುರಿಯೇ ನಡೆಸುವ ನಡಿಗೆ ಅದು, ಎಲ್ಲ ನಾಯಿಗೂ ಬರುವುದಿಲ್ಲ.

ತಿಕೋಟಾ ಕಡೆ ನನ್ನ ಗಿರಾಕಿಯೊಬ್ಬರ ದ್ರಾಕ್ಷಿ ತೋಟ ಇದೆ. ಅಲ್ಲಿ ನೀರಲ್ಲಿ ಈಜಿಸಿ ನೋಡಿದೆ. ಕೃಷಿ ಹೊಂಡದ ಪ್ಲಾಸ್ಟಿಕ್ ಜಾರುತ್ತದೆ, ನಾವೇ ಮೇಲೆ ಬರುವುದು ಕಷ್ಟ, ಆ ಸಾಹಸ ಬೇಡ. ಬೋರಿನ ಪಕ್ಕದ ಸಿಮೆಂಟ್ ತೊಟ್ಟಿ ಸಾಕು. ಕಾಲಿಗೆ ದೊಡ್ಡ ಲಾಭ ಕಾಣಲಿಲ್ಲ, ನಿದ್ದೆ ಮಾತ್ರ ಗಡದ್ದಾಗಿ ಮಾಡಿದಳು. ಪೆಟ್ರೋಲ್ ಲೆಕ್ಕ ಹಾಕಿ ಬಿಟ್ಟೆ. ಇನ್ನೊಂದು ಭಯವೂ ಇತ್ತು. ಒಣದ್ರಾಕ್ಷಿಯ ಶೆಡ್ಡಿನ ಸುತ್ತ ಉದುರಿದ್ದನ್ನು ಅವಳು ಮೂಸುತ್ತಾ ಹೋಗುತ್ತಿದ್ದಳು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸುತ್ತವೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಪ್ರಸಾದದ ಹಾಗೆ ಕೈಗೆ ಹಾಕುತ್ತಾರೆ, ನಾಯಿಗೂ ಹಾಕಿಬಿಡುತ್ತಾರೆ. ಹುಷಾರು.

ಇನ್ನು ಗಾಡಿ. ಆನ್‌ಲೈನಿನಲ್ಲಿ ತರಿಸಿದ್ದು ಏಳು ಸಾವಿರ ಚಿಲ್ಲರೆ. ಗಿಡ್ಡ ಕಾಲಿನ, ದಪ್ಪ ಸೊಂಟದ ನಾಯಿಗೆ ಮಾಡಿದ್ದು. ಗಂಗಿ ಅದರಲ್ಲಿ ಮುಂದಕ್ಕೆ ಮುಗ್ಗರಿಸುತ್ತಿದ್ದಳು. ವಾಪಸ್ ತೆಗೆದುಕೊಳ್ಳಲಿಲ್ಲ. ಆಮೇಲೆ ಮುಕ್ಕಾಲು ಇಂಚಿನ ಪಿವಿಸಿ ಪೈಪು, ಅದನ್ನು ಜೋಡಿಸುವ ಎಲ್ಬೋ, ಟೀ ತುಂಡು ತಂದು ಮಾಡಿದೆವು, ಆರುನೂರಕ್ಕೆ. ಏಪ್ರಿಲ್ ಬಿಸಿಲಲ್ಲಿ ಅಂಗಳದಲ್ಲಿಟ್ಟದ್ದು ಸಂಜೆಗೆ ಬಾಗಿ ನಿಂತಿತ್ತು. ಮೂರನೆಯದು ಅಲ್ಯೂಮಿನಿಯಂ ಪೈಪಿನದು, ಕಿಟಕಿ ಮಾಡುವ ಅಂಗಡಿಯಲ್ಲಿ ಉಳಿದ ತುಂಡುಗಳು. ಮಕ್ಕಳ ಸೈಕಲ್ಲಿನ ಹನ್ನೆರಡು ಇಂಚಿನ ಗಾಲಿ ಹಾಕಿದೆವು. ಜಾಲಿಮುಳ್ಳಿಗೆ ವಾರಕ್ಕೆ ಎರಡು ಪಂಕ್ಚರ್. ಗಾಳಿ ತುಂಬದ ಗಟ್ಟಿ ರಬ್ಬರಿನ ಗಾಲಿ ಸಿಕ್ಕ ಮೇಲೆ ನೆಮ್ಮದಿ. ಒಟ್ಟು ಹದಿನಾಲ್ಕುನೂರರ ಆಸುಪಾಸು. ಮಳೆಗಾಲದಲ್ಲಿ ಎರಿಮಣ್ಣಿಗೆ ಯಾವ ಗಾಲಿಯೂ ನಡೆಯದು, ಡಾಂಬರು ರಸ್ತೆಗೇ ಒಯ್ಯಬೇಕು. ತೊಡೆಯ ಸಂದಿನಲ್ಲಿ ಉಜ್ಜದ ಹಾಗೆ ಪಟ್ಟಿ ಹೊಲಿಯುವ ಕ್ರಮ ನನ್ನದೇ. ಅದು ಅಂಗಡಿಯ ಗುಟ್ಟು, ಬೇಕಾದವರು ಅಳತೆ ಕೊಡಿ, ಹೊಲಿದು ಕೊಡುತ್ತೇನೆ.

ಈಗಿನ ಖರ್ಚು ತಿಂಗಳಿಗೆ ಎರಡು ಸಾವಿರದ ಒಳಗೆ. ಜೋಳದ ರೊಟ್ಟಿ, ಮೊಸರು, ತತ್ತಿ, ವಾರಕ್ಕೆರಡು ಸಲ ಕೋಳಿ, ಸಂಡಾಸು ಗಟ್ಟಿಯಾಗಿ ಬರಲು ಬೇಯಿಸಿದ ಕುಂಬಳಕಾಯಿ. ಊಟದ ಹೊತ್ತು ತಪ್ಪದಿದ್ದರೆ ಸಂಡಾಸೂ ಹೊತ್ತಿಗೆ ಬರುತ್ತದೆ. ಕಷ್ಟ ಇರುವುದು ದುಡ್ಡಿನಲ್ಲಲ್ಲ. ಮದುವೆ, ಜಾತ್ರೆ ಅಂತ ಒಂದು ರಾತ್ರಿ ಹೊರಗೆ ಉಳಿಯಬೇಕಾದರೂ ಒತ್ತಲು ಬರುವ ಕೈ ಇನ್ನೊಂದು ಬೇಕು. ಅತ್ತೆಯವರಿಗೆ ಕಲಿಸಿದ್ದೇನೆ. ಸೂಜಿ ಮಾಡ್ಸಿ ಅಂದವರು ಈಗ ಮಧ್ಯಾಹ್ನದ ಪಾಳಿ ಮಾಡುತ್ತಾರೆ, ನಾನು ಐದು ನಿಮಿಷ ತಡ ಮಾಡಿದರೆ ಬೈಯುತ್ತಾರೆ.

ಕಳೆದ ತಿಂಗಳು ಡಿಸ್ಟೆಂಪರ್, ಅಂದರೆ ನರಕ್ಕೂ ಹೊಕ್ಕುವ ನಾಯಿಗಳ ವೈರಸ್ ರೋಗ, ಆಗಿ ಉಳಿದ ಮರಿಯೊಂದು ಬಂದಿದೆ, ತಲೆ ಕಾಲು ಸದಾ ಅದುರುತ್ತವೆ. ಅದಕ್ಕೆ ನಾಲ್ಕು ಗಾಲಿಯ ಗಾಡಿ ಬೇಕು. ಆ ಏಳು ಸಾವಿರದ ಗಾಡಿಯನ್ನು ಬಿಚ್ಚಿ ಹಾಕಿದ್ದೇನೆ, ಮುಂದಿನ ಎರಡು ಗಾಲಿ ಕೂಡಿಸುವುದು ಬಾಕಿ.