ನೆರೆ ಬಂದ ಊರಲ್ಲಿ ಒಲೆ ಎಣಿಸಿದ್ದು

2019ರ ಆಗಸ್ಟ್. ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆ ಮಳೆ ನಿಲ್ಲಲೇ ಇಲ್ಲ. ನವಿಲುತೀರ್ಥ ಅಣೆಕಟ್ಟು ತುಂಬಿ ಮಲಪ್ರಭೆಗೆ ನೀರು ಬಿಟ್ಟರು. ರಾಮದುರ್ಗ, ನರಗುಂದ, ಬಾದಾಮಿ, ಹುನಗುಂದ ಭಾಗದ ಹೊಳೆದಂಡೆ ಊರುಗಳಿಗೆ ನೀರು ನುಗ್ಗಿತು. ನಾವೊಂದಿಷ್ಟು ಸ್ವಯಂಸೇವಕರು ಬಾದಾಮಿ ಕಡೆ ಕೆಲಸಕ್ಕೆ ಇಳಿದೆವು. ನನ್ನ ಪಾಲಿಗೆ ಬಂದದ್ದು ಲೆಕ್ಕದ ಕೆಲಸ. ಯಾವ ಊರಿಗೆ ಏನು ಬೇಕು, ಏನು ಈಗಾಗಲೇ ಹೋಗಿದೆ ಅನ್ನೋದನ್ನ ಬರೆದಿಡೋದು.

ಸಾಮಾನಿಗೆ ಬರ ಇರಲಿಲ್ಲ. ಎಲ್ಲೆಲ್ಲಿಂದಲೋ ಲಾರಿ ಬರುತ್ತಿದ್ದವು. ಲಾರಿಯವರಿಗೆ ಊರು ಗೊತ್ತಿಲ್ಲ, ಕುಳಗೇರಿ ಕ್ರಾಸ್ ಕಡೆ ಹೆದ್ದಾರಿ ಪಕ್ಕ ಗಂಜಿ ಕೇಂದ್ರ ಕಂಡರೆ ಅಲ್ಲೇ ಇಳಿಸಿ, ಫೋಟೊ ತೆಗೆದು ಹೊರಡುತ್ತಿದ್ದರು. ರಸ್ತೆ ಪಕ್ಕದವರಿಗೆ ಮೂರು ಸಲ ಚಾಪೆ, ಒಳಗಿನ ಊರಿಗೆ ಒಂದೂ ಇಲ್ಲ.

ಮೊಬೈಲಿನಲ್ಲಿ ಕೋಬೊ ಅನ್ನೋ ಸಮೀಕ್ಷೆ ಆ್ಯಪಿನ ಫಾರ್ಮ್ ಹಾಕಿಕೊಂಡೆವು. ಸಿಗ್ನಲ್ ಇಲ್ಲದ ಕಡೆಯೂ ತುಂಬಬಹುದು, ಆಮೇಲೆ ಕಳಿಸಬಹುದು. ಪ್ರಶ್ನೆ ಮಾತ್ರ ಕಡಿಮೆ ಇಟ್ಟೆವು. ಮನೆ ಕಳಕೊಂಡವರ ಮುಂದೆ ಅರ್ಧ ಗಂಟೆ ನಿಂತು ಪ್ರಶ್ನೆ ಕೇಳೋದು ಸರಿಯಲ್ಲ, ಬೇಸತ್ತು ಹೇಳಿದ ಉತ್ತರ ಕೆಲಸಕ್ಕೂ ಬರಲ್ಲ.

ಫಾರ್ಮಿನ ಮುಖ್ಯ ಪ್ರಶ್ನೆ ಒಲೆಯದು. ‘ಎಷ್ಟು ಮನೆ’ ಅಂತ ಕೇಳಿದರೆ ಪಂಚಾಯ್ತಿಯವರದು ಒಂದು ಲೆಕ್ಕ, ರೇಷನ್ ಕಾರ್ಡಿನದು ಇನ್ನೊಂದು. ಒಂದು ಮನೆ ಮುಂದೆ ನಿಂತು, “ಒಲಿ ಎಷ್ಟು ಅದಾವ್ರಿ ಅಮ್ಮಾ?” ಅಂದೆ. “ಮೂರು ಅದಾವು ನೋಡಪಾ. ಮೂರೂ ಮಂದಿ ಮಕ್ಕಳು ಬ್ಯಾರೆ ಆಗ್ಯಾರ” ಅಂದರು ಅಜ್ಜಿ. ಬಾಗಿಲು ಒಂದು, ಕಾರ್ಡು ಒಂದು, ಅಡುಗೆ ಮೂರು ಕಡೆ. ಕಿಟ್ ಹಂಚುವಾಗ ಜಗಳ ಹುಟ್ಟುತ್ತಿದ್ದದ್ದೇ ಇಲ್ಲಿ. ಸರ್ಕಾರ ಕೊಟ್ಟ 10 ಸಾವಿರ ರೂಪಾಯಿ ತಕ್ಷಣದ ಪರಿಹಾರಕ್ಕೂ ಇದೇ ತಕರಾರು. ಒಲೆ ಲೆಕ್ಕದ ಮೇಲೆ ಹಂಚಿದ ಊರುಗಳಲ್ಲಿ ಗಲಾಟೆ ಕಡಿಮೆಯಾಯಿತು.

ಯಾರನ್ನ ಕೇಳ್ತೀವಿ ಅನ್ನೋದೂ ಅಷ್ಟೇ ಮುಖ್ಯ. ಊರ ಹಿರಿಯರು ಅಕ್ಕಿ, ತಾಡಪಾಲು ಅಂತಾರೆ. ಆಶಾ ಕಾರ್ಯಕರ್ತೆಯರ ಜೊತೆ ನಮ್ಮ ಹುಡುಗಿಯರು ಹೆಂಗಸರ ಹತ್ತಿರ ಬೇರೆ ಕೂತು ಕೇಳಿದಾಗ ಸ್ನಾನಕ್ಕೆ ಮರೆ, ಒಳಉಡುಪು, ಪ್ಯಾಡ್ ಅಂತ ಬಂತು. ಕೆಲವು ಗಂಡಸರು ಕೇಂದ್ರಕ್ಕೇ ಬರುತ್ತಿರಲಿಲ್ಲ. ದನ ಬಿಟ್ಟು ಎಲ್ಲಿಗೆ ಬರೋದು? ಅವರಿಗೆ ಬೇಕಿದ್ದದ್ದು ಮೇವು. ಕಾಳು ತುಂಬಿಡುವ ನೆಲದೊಳಗಿನ ಹಗೇವಿಗೆ ನೀರು ಹೊಕ್ಕು ಜೋಳ ಕೊಳೆತಿತ್ತು, ಆದರೆ ಬರುತ್ತಿದ್ದದ್ದು ಬ್ರೆಡ್ಡು, ಬಿಸ್ಕತ್ತು. ಸುತ್ತಲಿನ ಊರಿನವರು ಗಂಟು ಕಟ್ಟಿ ಕಳಿಸಿದ ಕಡಕ್ ರೊಟ್ಟಿಯೇ ನಿಜಕ್ಕೂ ಹೊಟ್ಟೆಗೆ ಆಯಿತು.

ಸಂಜೆ ಎಲ್ಲಾ ಒಂದೇ ಶೀಟಿಗೆ ಬರುತ್ತಿತ್ತು. ಊರಿಗೊಂದು ಸಾಲು. ಬೇಕಾದದ್ದು, ತಲುಪಿದ್ದು, ಬಾಕಿ, ಮಾಹಿತಿ ಬಂದ ತಾರೀಕು. ಎರಡು ದಿನ ಹಳೆಯದಾದರೆ ಆ ಸಾಲು ಕೆಂಪು, ಮತ್ತೆ ಫೋನ್ ಮಾಡಲೇಬೇಕು. ಪರಿಹಾರ ಕೆಲಸಕ್ಕೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡದಲ್ಲಿ ತಲೆಗೆ ದಿನಕ್ಕೆ 15 ಲೀಟರ್ ನೀರು, ಶುರುವಿನಲ್ಲಿ 50 ಜನಕ್ಕೊಂದು ಶೌಚಾಲಯ ಅಂತಿದೆ. ಜನರ ಸಂಖ್ಯೆಯನ್ನ 15ರಿಂದ ಗುಣಿಸಿದರೆ ಬೇಕಾದ ನೀರು, 50ರಿಂದ ಭಾಗಿಸಿದರೆ ಬೇಕಾದ ಶೌಚಾಲಯ. ಅಲ್ಲಿ ಇರೋದರ ಜೊತೆ ಹೋಲಿಸಿದರೆ ಸಾಕು, ಗಂಜಿ ಕೇಂದ್ರವಾಗಿದ್ದ ಯಾವ ಶಾಲೆಯಲ್ಲಿ ಪರಿಸ್ಥಿತಿ ಕೆಟ್ಟಿದೆ ಅಂತ ಗೊತ್ತಾಗುತ್ತಿತ್ತು. ಸಾಮಾನು ಕಳಿಸುವವರಿಗೆ ರಾತ್ರಿಯೇ ಮೆಸೇಜ್: ಈ ಊರಿಗೆ ಮೇವು, ಆ ಊರಿಗೆ ಜೋಳದ ಹಿಟ್ಟು, ಹಳೇ ಬಟ್ಟೆ ಎಲ್ಲಿಗೂ ಬೇಡ. ಹಳೇ ಬಟ್ಟೆ ಆದರೂ ಬಂತು ಬಿಡಿ. ಹೊರಗೆ ಹಂಚುವ ಶೀಟಿನಲ್ಲಿ ಹೆಸರು, ಫೋನ್ ನಂಬರ್ ಇಡಲಿಲ್ಲ.

ನೀರು ಇಳಿದ ಮೇಲೆ ಮನೆ ಸಮೀಕ್ಷೆ ಶುರುವಾಯಿತು. ಹಾನಿ ನೋಡಿ ಎ, ಬಿ, ಸಿ ಅಂತ ದರ್ಜೆ. ಪೂರ್ತಿ ಬಿದ್ದ ಮನೆ ಎ, ಅದಕ್ಕೆ 5 ಲಕ್ಷ; ಸ್ವಲ್ಪ ಹಾನಿಯಾದದ್ದು ಸಿ, ಅದಕ್ಕೆ ಕಡಿಮೆ. ಮಣ್ಣಿನ ಗೋಡೆಯ ಕಷ್ಟ ಏನಂದರೆ, ನೆನೆದಾಗ ನಿಂತಿರುತ್ತದೆ, ಆಮೇಲೆ ಬಿರುಕು ಬಿಟ್ಟು ಬೀಳುತ್ತದೆ. ಸಮೀಕ್ಷೆಗೆ ಬಂದ ದಿನ ನಿಂತಿದ್ದ ಮನೆಗೆ ಸಿ ಬರೆದು ಹೋದರೆ ಮುಗೀತು, ಅಲ್ವಾ? ನಮ್ಮ ಫಾರ್ಮಿನಲ್ಲಿ ತಾರೀಕಿನ ಜೊತೆ ಫೋಟೊ ಇತ್ತು. ಗೋಡೆ ಬಿದ್ದ ಮೇಲೆ ಮತ್ತೊಂದು ತೆಗೆದು, ಎರಡನ್ನೂ ಅರ್ಜಿಗೆ ಲಗತ್ತಿಸಿ ಕಳಿಸಿದೆವು. ಕೆಲವರ ದರ್ಜೆ ಬದಲಾಯಿತು. ಉಳಿದವರು ತಾಲ್ಲೂಕು ಕಚೇರಿಗೆ ಅಲೆಯುತ್ತಲೇ ಇದ್ದರು.