ಗರಾಜಿನಲ್ಲಿ ಬೋರಲು ಮಲಗಿ ತೆಗೆದ ಹಕ್ಕಿಗಳು

ಅಮೆರಿಕದ ಮಿನಿಯಾಪೊಲಿಸ್‌ನ ಜನವರಿಯಲ್ಲಿ ಹಕ್ಕಿ ಫೋಟೋ ಅಂದಾಗ ಗೆಳೆಯರು ನಕ್ಕರು. ಗರಾಜಿನಲ್ಲಿ ಮಲಗಿ ತೆಗೆಯುತ್ತೇನೆ ಅಂದಾಗ ಇನ್ನೂ ಜೋರಾಗಿ ನಕ್ಕರು. ಈಗ ಅವರಲ್ಲೇ ಇಬ್ಬರು ರಾತ್ರಿ ಕಾರನ್ನು ಹೊರಗೆ ನಿಲ್ಲಿಸುತ್ತಾರೆ.

ಮೊದಲ ಎರಡು ಚಳಿಗಾಲ ನೀರಲ್ಲಿ ಹೋಮ. ಅಡುಗೆಮನೆ ಕಿಟಕಿ ತೆರೆದು ಕೂರುತ್ತಿದ್ದೆ. ಹೊರಗೆ ಮೈನಸ್ 20, ಒಳಗೆ ಪ್ಲಸ್ 20. (ಸೆಲ್ಸಿಯಸ್ಸೇ. ಇಲ್ಲಿನ ಫ್ಯಾರನ್‌ಹೀಟ್ ಇನ್ನೂ ನನ್ನ ತಲೆಗೆ ಹತ್ತಿಲ್ಲ.) ಹದಿನೈದೇ ಅಡಿ ದೂರದ ಕಾರ್ಡಿನಲ್ ಹಕ್ಕಿ ನೀರೊಳಗೆ ಕೂತ ಹಾಗೆ ಬರುತ್ತಿತ್ತು. ಶಟರ್ ವೇಗವನ್ನು ಸೆಕೆಂಡಿನ 1/2000ಕ್ಕೆ ಏರಿಸಿದೆ, ಟ್ರೈಪಾಡ್ ಬದಲಿಸಿದೆ. ಕೊನೆಗೆ ಸೆಕೆಂಡ್ ಹ್ಯಾಂಡ್ 150-600 ಎಂಎಂ ಜೂಮ್ ಲೆನ್ಸಿನ ಮೇಲೇ ಅನುಮಾನ ಬಂತು. ರಿಪೇರಿಗೆ ಕಳಿಸಿದೆ. ಮೂರು ವಾರ, ಸುಮಾರು 180 ಡಾಲರ್, ‘ಏನೂ ದೋಷವಿಲ್ಲ’ ಅನ್ನುವ ಒಂದು ಚೀಟಿ.

ಗುಟ್ಟು ಬಯಲಾದದ್ದು ಉತ್ತರದ ಡುಲುತ್ ಊರಿನ ಆಚೆಯ ಸ್ಯಾಕ್ಸ್-ಜಿಮ್ ಜವುಗಿನಲ್ಲಿ, ಗ್ರೇಟ್ ಗ್ರೇ ಗೂಬೆ ಹುಡುಕಿ ಹೋದಾಗ. ಹೀಟರ್ ಹಾಕಿಕೊಂಡು ಕಾರಿನ ಕಿಟಕಿಯಿಂದ ತೆಗೆದ ಮುನ್ನೂರು ಚಿತ್ರ ಕಸ. ಹಾಳಾಗಿ ಹೋಗಲಿ ಅಂತ ಇಳಿದು, ಅದೇ ಗೂಬೆಯನ್ನು ರಸ್ತೆ ಪಕ್ಕ ನಿಂತು ತೆಗೆದೆ. ಮುಖದ ಒಂದೊಂದು ಬೂದು ಉಂಗುರವೂ ಕೊರೆದ ಹಾಗೆ ಬಂತು. ಅಲ್ಲಿಯವರೆಗೆ ಲೆನ್ಸಿನ ಮುಂದೆ ಹೊರಗಿನ ಚಳಿಗಾಳಿಗೆ ಬೆರೆತು ಕುದಿಯುತ್ತಾ ಚಿತ್ರ ಕಲಕುತ್ತಿದ್ದದ್ದು ನನ್ನದೇ ಬೆಚ್ಚನೆ ಗಾಳಿ!

ಹಾಗಾಗಿ ಗರಾಜು. ಆದರೆ ಸುಮ್ನೆ ಹೋಗಿ ಮಲಗಿದರೆ ಆಗುವುದಿಲ್ಲ, ಅಲ್ಲೂ ಹೊರಗಿಗಿಂತ ಹತ್ತು ಡಿಗ್ರಿ ಬೆಚ್ಚಗಿರುತ್ತದೆ. ರಾತ್ರಿಯೇ ಕಾರು ಆಚೆ. ಬೆಳಿಗ್ಗೆ ಒಂದು ಗಂಟೆ ಮುಂಚೆ ಬಾಗಿಲು ಎರಡಡಿ ಎತ್ತಿ, ಕ್ಯಾಮೆರಾವನ್ನೂ ಅಲ್ಲೇ ತಣ್ಣಗಾಗಲು ಬಿಡುತ್ತೇನೆ. ಸಂದಿಗೆ ಚಳ್ಳಕೆರೆಯ ಕರಿ ಕಂಬಳಿ ಇಳಿಬಿಟ್ಟು, ತೂತಿನಿಂದ ಲೆನ್ಸ್ ಮಾತ್ರ ಹೊರಗೆ ಚಾಚುತ್ತೇನೆ. ಉಸಿರಿನ ಹಬೆ ಒಳಗೇ ಉಳಿಯುತ್ತದೆ. ಅದು ಅಜ್ಜನ ಕಂಬಳಿ. ಕತ್ತರಿ ಹಾಕಿದ್ದು ಅಪ್ಪನಿಗೆ ಇನ್ನೂ ಗೊತ್ತಿಲ್ಲ.

ಚಳಿಗೆ ಸೋಲದಂತೆ ಬ್ಯಾಟರಿ ಜೇಬಲ್ಲಿ, ಮನೆಯೊಳಗಿನ ತೇವ ಕೂರದಂತೆ ವಾಪಸ್ ಬರುವಾಗ ಕ್ಯಾಮೆರಾ ಜಿಪ್ ಕವರಿನಲ್ಲಿ, ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಮೆಮರಿ ಕಾರ್ಡ್ ಮಾತ್ರ ಹೊರಗೇ ತೆಗೆದುಕೊಂಡು ಬನ್ನಿ. ನಾನು ಚಿತ್ರ ನೋಡುವ ಆತುರಕ್ಕೆ ಬಿದ್ದು ಅಡುಗೆಮನೆಯಲ್ಲಿ ಕವರ್ ಬಿಚ್ಚಿದೆ. ವ್ಯೂಫೈಂಡರ್ ಒಳಗೆಲ್ಲ ತೇವ, ಎರಡು ದಿನ ಕ್ಯಾಮೆರಾ ಮುಟ್ಟಲಿಲ್ಲ.

ದುಡ್ಡಿಗೆ ಜಾಸ್ತಿ ಬೆಲೆ ಕೊಟ್ಟದ್ದು ಕರೆಂಟಿನಿಂದ ಬೆಚ್ಚಗಿರುವ ನೀರಿನ ಬೋಗುಣಿ. ಅರವತ್ತು ಡಾಲರ್ ಇರಬೇಕು. ಊರೆಲ್ಲ ಹೆಪ್ಪುಗಟ್ಟಿದಾಗ ಕಾಳಿಗಿಂತ ನೀರಿಗೇ ಹೆಚ್ಚು ಹಕ್ಕಿ ಬರುತ್ತವೆ. ಒಮ್ಮೆ ಊರಿಂದ ತಂದ ರಾಗಿಯನ್ನೂ ಚೆಲ್ಲಿ ನೋಡಿದೆ. ಜಂಕೋ ಅನ್ನುವ ಗುಬ್ಬಿಯಂಥ ಹಕ್ಕಿಗಳು ಹೆಕ್ಕಿ ತಿಂದವು, ಹೆಂಡತಿ ಬೈದಳು. ತೂಗುಬಿಟ್ಟ ತೆಂಗಿನ ಹೋಳನ್ನು ಅಳಿಲು ದಾರದ ಸಮೇತ ಹೊತ್ತೊಯ್ದಿತು. ಮರಕುಟಿಗಕ್ಕೆ ಒಣಕೊಂಬೆಯ ಹಿಂಬದಿ ತೂತು ಕೊರೆದು ಕೊಬ್ಬು ತುಂಬುತ್ತೇನೆ. ಕೊಬ್ಬಿಗೆ ಇನ್ನೊಂದು ಪದಾರ್ಥ ಬೆರೆಸುತ್ತೇನೆ, ಅದನ್ನು ಮಾತ್ರ ಕೇಳಬೇಡಿ.

2019ರ ಜನವರಿ 30ರಂದು ಇಲ್ಲಿ ಮೈನಸ್ 33. ಶಾಲೆಗೆ ರಜೆ, ಅಂಚೆಯೂ ಬರಲಿಲ್ಲ. ನಾನು ಕಂಬಳಿಯ ಹಿಂದಿದ್ದೆ. ಹತ್ತು-ಹನ್ನೊಂದು ಗ್ರಾಂ ತೂಗುವ ಚಿಕಡೀ ಅನ್ನುವ ಒಂದು ಪುಟ್ಟ ಹಕ್ಕಿ ನಿಂಬೆಹಣ್ಣಿನ ಹಾಗೆ ಉಬ್ಬಿಕೊಂಡು ಬಂತು. ಸೂರ್ಯಕಾಂತಿ ಬೀಜವನ್ನು ಎರಡು ಕಾಲಲ್ಲೂ ಅದುಮಿ ಹಿಡಿದು ಕುಟ್ಟತೊಡಗಿತು. ಕಣ್ಣಿನ ಸುತ್ತ ಕಟ್ಟಿದ ಮಂಜಿನ ಹರಳನ್ನು ಚಿತ್ರದಲ್ಲಿ ಎಣಿಸಬಹುದು. ಅದನ್ನು ನೋಡಿದ ಗೆಳೆಯ ಕೇಳಿದ್ದು ಒಂದೇ ಮಾತು: “ಹೊಸ ಲೆನ್ಸ್ ಎಷ್ಟಾಯ್ತೋ?”