ಬಾಕ್ಸ್ ಬದಲಿಸೋದು ನಿಲ್ಲಿಸಿದೆ, ಸ್ನ್ಯಾಗ್ ಸಿಕ್ಕಿತು

ಗಾಳಿಯಲ್ಲಿ ಬರುವ, ನೆಲಕ್ಕಿಳಿದ ಕೂಡಲೇ ಮಾಯವಾಗುವ ಸ್ನ್ಯಾಗ್ (ಪೈಲಟ್ ಬರೆದುಕೊಡುವ ದೋಷ) ಎಷ್ಟು ತಲೆ ತಿನ್ನುತ್ತೆ ಅಂತ ವಿಮಾನದ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವ ಏವಿಯಾನಿಕ್ಸ್‌ನವರಿಗೆ ಹೇಳಬೇಕಾಗಿಲ್ಲ. ನಮ್ಮ ಫೈಟರ್‌ನಲ್ಲಿ ಕಾಟ ಕೊಟ್ಟಿದ್ದು ಏರ್ ಡೇಟಾ ಕಂಪ್ಯೂಟರ್, ಅಂದರೆ ಗಾಳಿಯ ಒತ್ತಡದಿಂದ ವೇಗ, ಎತ್ತರ ಲೆಕ್ಕ ಹಾಕುವ ಬಾಕ್ಸ್. 4 ಜಿ (ಗುರುತ್ವದ ನಾಲ್ಕು ಪಟ್ಟು) ದಾಟಿದ ತಿರುವಿನಲ್ಲಿ ಹಡ್ (ಪೈಲಟ್ ಕಣ್ಣೆದುರಿನ ಗಾಜಿನ ಡಿಸ್ಪ್ಲೇ) ಮೇಲಿನ ವೇಗ, ಎತ್ತರ ಎರಡೂ ಹೋಗುತ್ತಿದ್ದವು. ಕೆಲವು ಸೆಕೆಂಡು ಬಿಟ್ಟು ತಾವೇ ವಾಪಸ್. ನೆಲದ ಮೇಲೆ ಬಿಟ್ ಟೆಸ್ಟ್ (ಬಾಕ್ಸ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು) ಹಾಕಿದರೆ ಪಾಸ್.

ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದ್ದಾಯಿತು: ಬಾಕ್ಸ್ ಬದಲಿಸು, ಹಾರಿಸು. ಒಂದೆರಡು ವಾರ ಸುಮ್ಮನಿರುತ್ತಿತ್ತು, ಮತ್ತೆ ಶುರು. ರಿಪೇರಿ ಡಿಪೋಗೆ ಹೋದ ಪ್ರತಿ ಬಾಕ್ಸೂ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿ ಹೊತ್ತು ಬಂತು. ದೋಷ ಇರಲಿ ಬಿಡಲಿ, ಪ್ಯಾಕಿಂಗ್, ಸಾಗಣೆ, ಬೆಂಚ್ ಟೆಸ್ಟ್ ಖರ್ಚು ತಪ್ಪಲ್ಲ. ನನ್ನ ಅಂದಾಜಿನಲ್ಲಿ ಒಂದು ಬಾಕ್ಸ್ ಹೋಗಿ ಬರುವ ಖರ್ಚು ನನ್ನ ಎರಡು ಮೂರು ತಿಂಗಳ ಸಂಬಳ. ವಿಮಾನ ನಿಂತ ದಿನಗಳ ಲೆಕ್ಕ ಬೇರೆ.

ನನಗೆ ದಾರಿ ತೋರಿಸಿದ್ದು ಮಿಷನ್ ಕಂಪ್ಯೂಟರ್‌ನ ಲಾಗ್. 1553 ಬಸ್‌ನಲ್ಲಿ (ಬಾಕ್ಸ್‌ಗಳು ಪರಸ್ಪರ ಮಾತಾಡುವ ಡೇಟಾ ಲೈನ್) ಎ ಕೈಕೊಟ್ಟರೆ ಬಿ ಇರುತ್ತದೆ, ಅಲ್ವಾ? ಇಲ್ಲಿ ಎರಡರಲ್ಲೂ ಒಂದೇ ಕ್ಷಣಕ್ಕೆ ಉತ್ತರ ನಿಂತಿತ್ತು. ಎರಡೂ ಬಸ್ ಒಟ್ಟಿಗೆ ಸತ್ತು ಒಟ್ಟಿಗೆ ಏಳುವುದು ತೀರಾ ಅಪರೂಪ. ಬಾಕ್ಸ್‌ಗೆ ಪವರ್ ಹೋಗಿ ಅದು ಮತ್ತೆ ಬೂಟ್ ಆಗುತ್ತಿದೆ ಅಂತ ನಾನು ಪಟ್ಟು ಹಿಡಿದೆ. ಸೀನಿಯರ್‌ಗಳು ಮೂಗು ಮುರಿದರು. ‘28 ವೋಲ್ಟ್ ಸರಿಯಾಗಿ ಬರ್ತಿದೆಯಲ್ಲಯ್ಯಾ, ಮೀಟರ್ ಇಟ್ಟು ನೋಡು’ ಅಂದರು. ಬಸ್ ಕೇಬಲ್‌ಗೆ ಟಿಡಿಆರ್ (ಕೇಬಲ್‌ನಲ್ಲಿ ದೋಷ ಎಲ್ಲಿದೆ ಅಂತ ಗೆರೆ ಎಳೆದು ತೋರಿಸುವ ಯಂತ್ರ) ತರಿಸಿ ಮೂರ್ನಾಲ್ಕು ದಿನ ಅಳೆದರು. ಗೆರೆ ನೀಟಾಗಿತ್ತು.

ಮೀಟರ್ ಇಟ್ಟರೆ ಸರಿಯಾಗೇ ತೋರಿಸುತ್ತೆ. ವೋಲ್ಟ್ ಅಳೆಯಲಿ, ಓಮ್ ಅಳೆಯಲಿ, ಮೀಟರ್ ಮೂಲಕ ಹರಿಯುವುದು ಹೆಚ್ಚೆಂದರೆ ಮಿಲಿಆಂಪ್ ಲೆಕ್ಕದ ಕರೆಂಟ್. ವೈರಿನ ಒಂದು ಎಳೆಯಷ್ಟು ತಾಗುತ್ತಿದ್ದರೂ ಅದಕ್ಕೆ ಸಾಕು. ನಾನು ಬಾಕ್ಸ್ ಬಿಚ್ಚಿ, ಅದರ ಜಾಗದಲ್ಲಿ 28 ವೋಲ್ಟ್ ಬಲ್ಬ್ ಹಾಕಿದೆ. ಹತ್ತಿರಹತ್ತಿರ 1 ಆಂಪ್ ಎಳೆಯುವಂಥದ್ದು. ಬಲ್ಬ್‌ನ ಎರಡು ತುದಿಗೆ ಸ್ಕೋಪ್ (ವೋಲ್ಟೇಜ್ ಏರಿಳಿತ ತೋರಿಸುವ ಆಸಿಲೋಸ್ಕೋಪ್) ಕೊಟ್ಟು, ವೋಲ್ಟೇಜ್ ಬಿದ್ದರೆ ಹಿಡಿಯುವಂತೆ ಟ್ರಿಗರ್ ಇಟ್ಟೆ. ಆಮೇಲೆ ಲೂಮ್ (ವೈರ್ ಕಟ್ಟು) ಒತ್ತುತ್ತಾ ಹೋದೆ. ಎಲ್ಲಿ, ಯಾವ ದಿಕ್ಕಿಗೆ ಒತ್ತಬೇಕು ಅನ್ನೋದು ನನ್ನ ಕೈಗೆ ಗೊತ್ತು, ಅದನ್ನು ಇಲ್ಲಿ ಬರೆಯಲ್ಲ. ಬಲ್ಬ್ ಒಂಚೂರೂ ಮಿಣುಕಲಿಲ್ಲ. ಸ್ಕೋಪ್ ಮಾತ್ರ ಹಿಡಿದುಬಿಟ್ಟಿತು: ಕೆಲವೇ ಮಿಲಿಸೆಕೆಂಡು ವೋಲ್ಟೇಜ್ ಸೊನ್ನೆಗೆ ಬಿದ್ದಿತ್ತು.

ಕಳ್ಳ ಇದ್ದದ್ದು ಬಾಕ್ಸಿಗೆ ಸೇರುವ 38999 ಮಾದರಿಯ ದುಂಡು ಪ್ಲಗ್‌ನಲ್ಲಿ, ಕರೆಂಟ್ ವಾಪಸ್ ಹೋಗುವ ಪವರ್ ರಿಟರ್ನ್ ಸಾಕೆಟ್‌ನಲ್ಲಿ. 22ಡಿ ಅನ್ನುವ ಚಿಕ್ಕ ಸೈಜ್. ಒಳಗಿನ ಸ್ಪ್ರಿಂಗ್ ಹಲ್ಲುಗಳಿಗೆ ಲೋಹದ ಮುಸುಕು ಇರುವುದರಿಂದ ಭೂತಗನ್ನಡಿ ಹಿಡಿದರೂ ಸಡಿಲ ಕಾಣಲ್ಲ. ಇದಕ್ಕೆ ಕೂರುವ ಪಿನ್ನಿನ ದಪ್ಪ 0.76 ಮಿಲಿಮೀಟರ್. ಮೀಟರ್ ಪ್ರೋಬ್ ಹೋಗಲ್ಲ. ಆಗ ನಮ್ಮವರು ಏನು ಮಾಡ್ತಾರೆ? ಬೋಲ್ಟ್ ಸಡಿಲವಾಗದಂತೆ ಕಟ್ಟುವ ಲಾಕಿಂಗ್ ವೈರ್ ತುಂಡು ತುರುಕುತ್ತಾರೆ. ಮಾಮೂಲಿ 0.032 ಇಂಚಿನದು 0.8 ಮಿಲಿಮೀಟರ್ ದಾಟುತ್ತೆ, ಕತ್ತರಿಸಿದ ತುದಿ ಬೇರೆ ಚಪ್ಪಟೆ. ದೋಷ ಹುಡುಕಿದವರೆಲ್ಲ ಆ ಸಾಕೆಟ್ಟನ್ನು ಇನ್ನಷ್ಟು ಅಗಲ ಮಾಡಿದ್ದರು ಅನ್ನೋದು ನನ್ನ ಖಚಿತ ಅಭಿಪ್ರಾಯ. ಬಾಕ್ಸ್ ಬದಲಿಸಿದಾಗ ಕೆಲ ದಿನ ಸರಿಹೋಗುತ್ತಿದ್ದದ್ದು ಪ್ಲಗ್ ಬಿಚ್ಚಿ ಹಾಕಿದ್ದರಿಂದ, ಹೊಸ ಬಾಕ್ಸಿನಿಂದಲ್ಲ.

ಸಾಕೆಟ್ ಕಿತ್ತು ಹೊಸದನ್ನು ಕ್ರಿಂಪ್ ಮಾಡಲು (ವೈರಿಗೆ ಒತ್ತಿ ಕೂರಿಸಲು) ಅರ್ಧ ಗಂಟೆಯೂ ಬೇಡವಾಯಿತು. ಆ ಸಾಕೆಟ್ಟಿನ ಬೆಲೆಯನ್ನು ಬಾಕ್ಸ್ ಸಾಗಿಸಿದ ಖರ್ಚಿನ ಪಕ್ಕ ಇಟ್ಟು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತೆ.

ಮಧ್ಯೆ ಇನ್ನೊಂದು ಪ್ರಯೋಗವನ್ನೂ ಮಾಡಿದ್ದೆ. ಮೇಲಿನ ಚಳಿಗೆ ಹೀಗಾಗುತ್ತಾ ನೋಡೋಣ ಅಂತ ಕನೆಕ್ಟರ್‌ಗೆ ಫ್ರೀಜ್ ಸ್ಪ್ರೇ ಹೊಡೆದೆ. ಏನೂ ಆಗಲಿಲ್ಲ. ಆದರೆ ಬೆವರಿದ ನೀರು ಹಿಂಬದಿಯ ಸೀಲ್ ಕಡೆ ಇಳಿದು ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ರೀಡಿಂಗ್ ಕುಸಿಯಿತು. ಅಂದರೆ ಖಾಲಿ ರಂಧ್ರದಲ್ಲಿ ಸೀಲಿಂಗ್ ಪ್ಲಗ್ ಇರಲಿಲ್ಲ. ಅದನ್ನೂ ಹಾಕಿಸಿದೆ.

ಈಗ ನಮ್ಮಲ್ಲಿ ಟೆಸ್ಟ್ ಪಿನ್ ಸೆಟ್ ಇದೆ. ಅಸಲಿ ಕಾಂಟ್ಯಾಕ್ಟ್ ಪಿನ್‌ಗೇ ವೈರ್ ಕ್ರಿಂಪ್ ಮಾಡಿ, 22ಡಿ, 20, 16 ಸೈಜಿಗೆ ಒಂದೊಂದು. ಮಾಡೋದಕ್ಕಿಂತ ಟೂಲ್ ಕಂಟ್ರೋಲ್‌ಗೆ (ಉಪಕರಣಗಳ ಅಧಿಕೃತ ಪಟ್ಟಿಗೆ) ಸೇರಿಸಿ ನಂಬರ್ ಹಾಕಿಸೋದಕ್ಕೇ ಜಾಸ್ತಿ ಓಡಾಡಿದೆ. ಪಕ್ಕದ ವಿಮಾನಗಳಲ್ಲೂ ಅದೇ ಪ್ಲಗ್ ನೋಡಿದೆವು, ಎರಡರಲ್ಲಿ ಗೇಜ್ ಪಿನ್ (ಸಾಕೆಟ್ ಬಿಗಿ ನೋಡುವ ಪಿನ್) ತನ್ನಷ್ಟಕ್ಕೆ ಜಾರಿ ಬಿತ್ತು, ಅಂದರೆ ಅಲ್ಲೂ ಸಾಕೆಟ್ ಸಡಿಲ. ಮೊದಲ ವಿಮಾನ ಆಮೇಲೆ ನೂರು ಗಂಟೆ ಮೇಲೇ ಹಾರಿದೆ, ಪೈಲಟ್‌ಗಳು ಆ ಸ್ನ್ಯಾಗ್ ಮತ್ತೆ ಬರೆದಿಲ್ಲ. ಟಿಡಿಆರ್ ತರಿಸಿದ ಸೀನಿಯರ್ರೇ ಈಗ ಬಾಕ್ಸ್ ಇಳಿಸುವ ಮುಂಚೆ ಪಿನ್ ಸೆಟ್ ಕೇಳುತ್ತಾರೆ.